ಮನೆಯೊಳಗಿನ ಹೊಡೆತ ಮತ್ತು ಎಚ್‌ಐವಿ: ಕರಾವಳಿಯ ಆರೋಗ್ಯ ಸಿಬ್ಬಂದಿ ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳೂರು, ಉಡುಪಿ ಕಡೆಯ ಡಾಕ್ಟರು, ಸಿಸ್ಟರು, ಆಪ್ತ ಸಮಾಲೋಚಕರು, ಆಶಾ ಕಾರ್ಯಕರ್ತೆಯರು ಕೇಳುವ ಪ್ರಶ್ನೆಗಳಿವು. ಕೆಲವನ್ನು ತರಬೇತಿಯಲ್ಲಿ ಎಲ್ಲರೆದುರು ಕೇಳುತ್ತಾರೆ. ಹೆಚ್ಚಿನವು ಬರುವುದು ಚಹಾದ ಹೊತ್ತಿಗೆ, ಪಕ್ಕಕ್ಕೆ ಕರೆದು. ಉತ್ತರ ಕೊಡಬೇಕಾದದ್ದು ಆ ಎರಡನೆಯ ಬಗೆಯವಕ್ಕೇ ಜಾಸ್ತಿ.

ಗಂಡ ಹೊಡೆಯುವುದಕ್ಕೂ ಎಚ್‌ಐವಿಗೂ ಎಂತ ಸಂಬಂಧ? ಅದು ಪೊಲೀಸರ ವಿಷಯ ಅಲ್ವಾ?

ಸಂಬಂಧ ಇದೆ, ಅದೂ ಮೂರು ಕಡೆಯಿಂದ.

ಮೊದಲನೆಯದು, ಹಿಂಸೆಯಿಂದ ಸೋಂಕು. ಬಲವಂತದ ಸಂಪರ್ಕದಲ್ಲಿ ಒಳಗಿನ ಚರ್ಮ ಹರಿಯುತ್ತದೆ, ವೈರಸ್‌ಗೆ ದಾರಿ ಸಲೀಸಾಗುತ್ತದೆ. ಕೈ ಎತ್ತುವವನ ಹತ್ತಿರ ಕಾಂಡೋಮಿನ ಮಾತು ಎತ್ತುವುದು ಹೇಗೆ? ಎತ್ತಿದರೆ "ನನ್ನ ಮೇಲೆ ಸಂಶಯವಾ?" ಎಂದು ಇನ್ನೆರಡು ಬೀಳುತ್ತದೆ. ಹೆಂಡತಿಗೆ ಹೊಡೆಯುವ ಗಂಡಸರಲ್ಲಿ ಕುಡಿತ, ಹೊರಗಿನ ಸಂಬಂಧ, ಲೈಂಗಿಕ ಸೋಂಕು ಜಾಸ್ತಿ ಎಂಬುದನ್ನೂ ಬೇರೆ ಬೇರೆ ದೇಶಗಳ ಅಧ್ಯಯನಗಳು ತೋರಿಸಿವೆ. ದಕ್ಷಿಣ ಆಫ್ರಿಕಾದ ಯುವತಿಯರನ್ನು ಗಮನಿಸಿದ ಅಧ್ಯಯನವೊಂದು 2010ರಲ್ಲಿ ಪ್ರಕಟವಾಯಿತು. ಸಂಗಾತಿಯಿಂದ ಪದೇ ಪದೇ ಹೊಡೆತ ತಿಂದವರಿಗೆ ಹೊಸದಾಗಿ ಸೋಂಕು ತಗಲುವುದು ಉಳಿದವರಿಗಿಂತ ಸುಮಾರು ಒಂದೂವರೆ ಪಟ್ಟು ಜಾಸ್ತಿ ಎಂದು ಅದರಲ್ಲಿ ಕಂಡಿತು. ವಿಶ್ವ ಆರೋಗ್ಯ ಸಂಸ್ಥೆಯ 2013ರ ವರದಿಯೂ ಕೆಲವು ಪ್ರದೇಶಗಳ ಬಗ್ಗೆ ಇದೇ ಲೆಕ್ಕ ಹೇಳಿತು.

ಎರಡನೆಯದು, ಸೋಂಕಿನಿಂದ ಹಿಂಸೆ. ರಿಪೋರ್ಟ್ ಪಾಸಿಟಿವ್ ಬಂದದ್ದು ಮನೆಯಲ್ಲಿ ಗೊತ್ತಾದ ದಿನವೇ ಹೊಡೆತ ಶುರುವಾಗಬಹುದು, ಅಥವಾ ತವರಿಗೆ ಅಟ್ಟಬಹುದು.

ಮೂರನೆಯದನ್ನು ನಾವು ಮರೆಯುವುದೇ ಹೆಚ್ಚು. ಹೆದರಿಕೆ ಇರುವವಳು ಪರೀಕ್ಷೆಗೆ ಬರುವುದಿಲ್ಲ. ಬಂದರೂ ರಿಪೋರ್ಟಿಗೆ ಕಾಯುವುದಿಲ್ಲ. ಮಾತ್ರೆ ಶುರು ಮಾಡಿದರೂ ನಡುವೆ ಬಿಡುತ್ತಾಳೆ. ಫೈಲಿನಲ್ಲಿ ನಾವು "ಮಾತ್ರೆ ಸರಿಯಾಗಿ ತೆಗೆದುಕೊಳ್ಳುವುದಿಲ್ಲ" ಎಂದು ಬರೆಯುತ್ತೇವೆ. ಯಾಕೆ ಎಂದು ಕೇಳಿರುವುದಿಲ್ಲ.

ನಮ್ಮ ಕಡೆ ಅಷ್ಟೆಲ್ಲ ಇದೆಯಾ? ಇಲ್ಲಿನ ಹೆಂಗಸರು ಗಟ್ಟಿ ಅಲ್ವಾ?

ಅಳಿಯಸಂತಾನದ, ಅಂದರೆ ಆಸ್ತಿ ಹೆಣ್ಣಿನ ಕಡೆಯಿಂದ ಸಾಗುವ ಪದ್ಧತಿಯ, ನೆನಪು ಇರುವ ಊರು. ಬೀಡಿ ಕಟ್ಟಿಯೋ, ಮೀನು ಮಾರಿಯೋ ಸ್ವಂತ ಕೈಯಲ್ಲಿ ದುಡ್ಡು ಕಂಡವರು, ಶಾಲೆ ಕಲಿತವರು. ಎಲ್ಲ ನಿಜ. ಆದರೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ. ಗಂಡನಿಂದ ಹಿಂಸೆ ಅನುಭವಿಸಿದ್ದೇನೆ ಎಂದ 18ರಿಂದ 49 ವರ್ಷದ ವಿವಾಹಿತೆಯರು ದೇಶದಲ್ಲಿ ಶೇ. 29.3. ಕರ್ನಾಟಕದಲ್ಲಿ ಶೇ. 44.4. ಅದರ ಹಿಂದಿನ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ ಸಂಖ್ಯೆ ಶೇ. 20.6 ಇತ್ತು. ಹಿಂಸೆಯೇ ಅಷ್ಟು ಏರಿತೋ, ಹೇಳುವವರು ಜಾಸ್ತಿಯಾದರೋ ಎಂದು ವಾದ ಮಾಡಬಹುದು. ಎರಡರಲ್ಲಿ ಯಾವುದಾದರೂ ನಿಮ್ಮ ಒಪಿಡಿಯ ಬೆಂಚಿನಲ್ಲಿ ಅಂಥವರು ಕೂತಿದ್ದಾರೆ ಎಂಬುದು ಬದಲಾಗುವುದಿಲ್ಲ.

ದುಡಿಯುವವಳಿಗೆ ಪೆಟ್ಟು ಬೀಳುವುದಿಲ್ಲ ಅನ್ನುವುದೂ ಸುಮ್ನೆ. ಬೀಡಿಯ ದುಡ್ಡಿಗಾಗಿಯೇ ಜಗಳ ಶುರುವಾಗುವ ಮನೆಗಳಿವೆ.

ಹಾಗಾದರೆ ಬಂದವರನ್ನೆಲ್ಲ ಕೇಳಬೇಕಾ? ಒಂದು ಒಪಿಡಿಗೆ ನೂರು ಜನ.

ಬೇಡ. ಎಲ್ಲ ಹೆಂಗಸರನ್ನೂ ಪಟ್ಟಿ ಹಿಡಿದು ಕೇಳಿ ಎಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುವುದಿಲ್ಲ. ಸಂಶಯ ಬಂದಲ್ಲಿ ಕೇಳಿ, ಕೇಳುವ ಮೊದಲು ಗುಟ್ಟಾಗಿ ಮಾತಾಡುವ ಜಾಗ ಮತ್ತು ಮುಂದೆ ಕಳುಹಿಸುವ ದಾರಿ ಇಟ್ಟುಕೊಳ್ಳಿ ಎನ್ನುತ್ತದೆ. ಎಚ್‌ಐವಿ ಪರೀಕ್ಷೆ, ಎಆರ್‌ಟಿ (ಎಚ್‌ಐವಿಯನ್ನು ಹತೋಟಿಯಲ್ಲಿಡುವ ಮಾತ್ರೆಯ ಚಿಕಿತ್ಸೆ), ಗರ್ಭಿಣಿ ತಪಾಸಣೆ, ಬಿಳಿಸೆರಗು ಮತ್ತು ಲೈಂಗಿಕ ಸೋಂಕಿನ ಚಿಕಿತ್ಸೆ, ಈ ಕಡೆಗಳಲ್ಲಿ ಮಾತ್ರ ಸ್ವಲ್ಪ ಧಾರಾಳವಾಗಿಯೇ ಕೇಳಿ.

ಸಂಶಯ ಬರಬೇಕಾದ ಲಕ್ಷಣಗಳು ನಿಮಗೆ ಗೊತ್ತಿರುವವೇ. ಬಚ್ಚಲಲ್ಲಿ ಜಾರಿದೆ ಅನ್ನುತ್ತಾಳೆ, ಗಾಯ ಮಾತ್ರ ಮೊಣಕೈಯ ಒಳಬದಿಯಲ್ಲಿ. ಗಾಜಿನ ಬಳೆ ಒಡೆದು ಮಣಿಕಟ್ಟಿನ ಸುತ್ತ ಸಣ್ಣ ಸಣ್ಣ ಗೀರು. ಚಿಕಿತ್ಸೆ ಮುಗಿಸಿದ ಲೈಂಗಿಕ ಸೋಂಕು ಮತ್ತೆ ಮತ್ತೆ ಬರುತ್ತದೆ. ಪದೇ ಪದೇ ಗರ್ಭಪಾತ. ಕಾರಣ ಸಿಗದ ಕಿಬ್ಬೊಟ್ಟೆ ನೋವು, ತಲೆನೋವು, ನಿದ್ದೆ ಇಲ್ಲದಿರುವುದು. ಎಲ್ಲ ಪ್ರಶ್ನೆಗೂ ಗಂಡನೇ ಉತ್ತರ ಕೊಡುವುದು, ಅವಳು ನೆಲ ನೋಡುವುದು.

ಬಾಯಿ ತೆಗೆಯುವುದು ಹೇಗೆ? ನಮಗೇ ಮುಜುಗರ.

ಮೊದಲು ಜೊತೆಯಲ್ಲಿ ಬಂದವರನ್ನು ಹೊರಗೆ ಕಳುಹಿಸಿ. "ತಪಾಸಣೆ ಇದೆ, ಹೊರಗೆ ಕೂತ್ಕೊಳ್ಳಿ" ಅಂದರೆ ಸಾಕು, ಅದು ಎಲ್ಲರಿಗೂ ಇರುವ ನಿಯಮ ಎಂಬ ಧಾಟಿಯಲ್ಲಿ ಹೇಳಿ. ಅತ್ತೆಯೂ ಹೊರಗೆ, ಅಕ್ಕತಂಗಿಯೂ ಹೊರಗೆ. ಮಾತು ತಿಳಿಯುವ ವಯಸ್ಸಿನ ಮಗು ಇದ್ದರೆ ಸಿಸ್ಟರ್ ಹತ್ತಿರ ಬಿಡಿ. ಪರದೆ ಎಳೆದ ಮಾತ್ರಕ್ಕೆ ಗುಟ್ಟು ಉಳಿಯುವುದಿಲ್ಲ, ಪಕ್ಕದ ಮಂಚಕ್ಕೆ ಎಲ್ಲ ಕೇಳುತ್ತದೆ.

ಆಮೇಲೆ ನೇರವಾಗಿ, ಮೆತ್ತಗೆ. "ಅಕ್ಕ, ಇಲ್ಲಿ ಬರುವ ತುಂಬ ಜನರಿಗೆ ಮನೆಯಲ್ಲಿ ತೊಂದರೆ ಇರುತ್ತದೆ. ಅದು ಆರೋಗ್ಯಕ್ಕೂ ತಾಗುತ್ತದೆ, ಅದಕ್ಕೆ ಕೇಳುವುದು. ನಿಮ್ಮ ಯಜಮಾನರು ನಿಮಗೆ ಹೊಡೆಯುವುದು, ಹೆದರಿಸುವುದು ಉಂಟಾ? ನಿಮಗೆ ಮನಸ್ಸಿಲ್ಲದಾಗಲೂ ಒತ್ತಾಯ ಮಾಡುವುದು ಉಂಟಾ?" ಇಷ್ಟೇ. ಹಿಂಸೆ, ದೌರ್ಜನ್ಯ ಎಂಬ ಮಾತು ಬಳಸಿದರೆ "ಇಲ್ಲ" ಎಂಬ ಉತ್ತರ ಬರುವುದು ಹೆಚ್ಚು. ನಾಲ್ಕೇಟು ತಿಂದದ್ದನ್ನು ದೌರ್ಜನ್ಯ ಎಂದು ಕರೆಯಬಹುದು ಅಂತ ಅವಳಿಗೆ ಅನಿಸಿರುವುದಿಲ್ಲ.

ಭಾಷೆಯ ವಿಷಯ ನಮ್ಮ ಜಿಲ್ಲೆಗಳಲ್ಲಿ ಸಣ್ಣದಲ್ಲ. ತುಳು, ಬ್ಯಾರಿ, ಕೊಂಕಣಿ, ಕುಂದಾಪ್ರ ಕನ್ನಡ ಮಾತಾಡುವವಳು ಡಾಕ್ಟರ ಪುಸ್ತಕದ ಕನ್ನಡಕ್ಕೆ ತಲೆಯಾಡಿಸಿ ಹೋಗುತ್ತಾಳೆ. "ದಾದ ಆಂಡ್ ಅಕ್ಕ?" (ಎಂತ ಆಯ್ತು ಅಕ್ಕ?) ಎಂದು ಸಿಸ್ಟರ್ ತುಳುವಿನಲ್ಲಿ ಕೇಳಿದಾಗ ಹೊರಬರುವ ಕಥೆಯೇ ಬೇರೆ. ಅವಳ ಭಾಷೆ ಬರುವ ಸಿಬ್ಬಂದಿಯನ್ನು ಕೂರಿಸಿ. ಮನೆಯವರಿಂದ ಮಾತ್ರ ಭಾಷಾಂತರ ಮಾಡಿಸಬೇಡಿ. ಸಿಬ್ಬಂದಿಯೂ ಅವಳ ಊರಿನವರೇ, ನೆಂಟರೇ ಆಗಿದ್ದರೆ? ಆಗ ಅವಳನ್ನೇ ಕೇಳಿ: "ಇವರು ಇದ್ದರೆ ಅಡ್ಡಿ ಇಲ್ವಾ?"

ಕೇಳಿದಾಗ ಇಲ್ಲ ಅಂದರೆ?

ಬಿಡಿ. "ಮುಂದೆ ಯಾವಾಗ ಬೇಕಾದರೂ ಹೇಳಬಹುದು" ಎನ್ನಿ, ವಿಷಯ ಬದಲಿಸಿ. ಈ ಬಾಗಿಲು ತೆರೆದಿದೆ ಎಂದು ಅವಳಿಗೆ ಗೊತ್ತಾಯಿತಲ್ಲ, ಇವತ್ತಿಗೆ ಅಷ್ಟು ಸಾಕು.

ಹೌದು ಅಂದರೆ?

ಐದು ಕೆಲಸ. ಕೇಳಿಸಿಕೊಳ್ಳಿ. ಅವಳಿಗೆ ಈಗ ಏನು ಬೇಕು ಎಂದು ವಿಚಾರಿಸಿ. "ನೀವು ಹೇಳುವುದನ್ನು ನಂಬುತ್ತೇನೆ, ಇದರಲ್ಲಿ ನಿಮ್ಮ ತಪ್ಪಿಲ್ಲ" ಎಂದು ಬಾಯಿಬಿಟ್ಟು ಹೇಳಿ. ಮನೆಗೆ ಹೋದರೆ ಅಪಾಯವಿದೆಯೇ ನೋಡಿ. ನೆರವಿನ ಕಡೆಗೆ ಸೇರಿಸಿ. ಗಂಡನನ್ನು ಬಿಡಿ ಎಂದು ಹೇಳುವುದು ಇದರಲ್ಲಿಲ್ಲ. ಸಹಿಸಿಕೊಳ್ಳಿ ಅನ್ನುವುದೂ ಇಲ್ಲ. ಬಿಡುವುದೋ ಇರುವುದೋ ಅವಳ ತೀರ್ಮಾನ. ಬಿಟ್ಟು ಹೊರಡುವ ಹೊತ್ತೇ ಹಲವು ಸಲ ಅತಿ ಅಪಾಯದ ಹೊತ್ತು ಎಂಬುದು ನಿಮ್ಮ ನೆನಪಿನಲ್ಲಿರಲಿ.

ಅಪಾಯ ಅಳೆಯಲು ವಿಶ್ವ ಆರೋಗ್ಯ ಸಂಸ್ಥೆಯ ಕೈಪಿಡಿ ಕೆಲವು ಪ್ರಶ್ನೆ ಕೊಡುತ್ತದೆ. ಕಳೆದ ಆರು ತಿಂಗಳಲ್ಲಿ ಹೊಡೆತ ಜಾಸ್ತಿಯಾಗಿದೆಯಾ? ಕತ್ತಿ, ಬೇರೆ ಆಯುಧ ತೋರಿಸಿ ಹೆದರಿಸಿದ್ದಾನಾ? ಕುತ್ತಿಗೆ ಒತ್ತಿದ್ದಾನಾ? ಬಸುರಿಯಾಗಿದ್ದಾಗ ಹೊಡೆದಿದ್ದಾನಾ? ಸದಾ ಸಂಶಯಪಟ್ಟು ಅದಕ್ಕಾಗಿ ಹೊಡೆಯುತ್ತಾನಾ? ಕೊಂದಾನು ಎಂದು ನಿಮಗೆ ಅನಿಸುತ್ತದಾ? ಮೂರಕ್ಕೆ ಹೌದು ಬಂದರೆ ಅವತ್ತು ಅವಳನ್ನು ಸುಮ್ಮನೆ ಮನೆಗೆ ಕಳುಹಿಸಬೇಡಿ. ಕುತ್ತಿಗೆ ಒತ್ತಿದ್ದು ಇತ್ತೀಚಿನದಾದರೆ ಹೊರಗೆ ಗುರುತು ಕಾಣದಿದ್ದರೂ ಒಳಗೆ ಪೆಟ್ಟಾಗಿರಬಹುದು. ಸ್ವರ ಒಡೆದಿದೆಯಾ, ನುಂಗಲು ಕಷ್ಟವಾ, ಪ್ರಜ್ಞೆ ತಪ್ಪಿತ್ತಾ ಎಂದು ಕೇಳಿ.

ಗರ್ಭಿಣಿಯ ರಿಪೋರ್ಟ್ ಪಾಸಿಟಿವ್ ಬಂದಿದೆ. "ಗಂಡನನ್ನು ಕರ್ಕೊಂಡು ಬನ್ನಿ" ಅನ್ನಬಹುದಲ್ಲ?

ನಮ್ಮ ಕೇಂದ್ರಗಳಲ್ಲಿ ಇಷ್ಟು ಸಲೀಸಾಗಿ ಬಾಯಿಗೆ ಬರುವ, ಇಷ್ಟು ಅಪಾಯದ ವಾಕ್ಯ ಇನ್ನೊಂದಿಲ್ಲ ಎಂದು ನನ್ನ ಅಭಿಪ್ರಾಯ.

ಯಾಕೆ ಎಂದು ನೋಡಿ. ಗರ್ಭಿಣಿಯರಿಗೆ ಎಚ್‌ಐವಿ ಪರೀಕ್ಷೆ ಮೊದಲ ತಪಾಸಣೆಯಲ್ಲೇ ಆಗುತ್ತದೆ. ಹಾಗಾಗಿ ಮನೆಯಲ್ಲಿ ಮೊದಲು ರಕ್ತ ಕೊಟ್ಟವಳು ಅವಳು, ಮೊದಲು ಪಾಸಿಟಿವ್ ಅನ್ನಿಸಿಕೊಂಡವಳೂ ಅವಳೇ. ಸೋಂಕು ಯಾರಿಂದ ಯಾರಿಗೆ ಬಂತು ಎಂದು ಆ ರಿಪೋರ್ಟ್ ಹೇಳುವುದಿಲ್ಲ. ಆದರೆ ಮನೆಯವರು ಓದುವುದು ಹಾಗೇ: "ಇವಳಿಂದಲೇ ಬಂತು." ಗಂಡ ಹತ್ತು ವರ್ಷ ಗಲ್ಫಿನಲ್ಲಿದ್ದನೋ, ವಾರಗಟ್ಟಲೆ ಬೋಟಿನಲ್ಲಿದ್ದನೋ, ಲಾರಿ ಓಡಿಸುತ್ತಿದ್ದನೋ ಯಾರೂ ಕೇಳುವುದಿಲ್ಲ. ಹಾಗಂತ ಆ ಕೆಲಸದವರೆಲ್ಲ ಸೋಂಕು ತರುತ್ತಾರೆ ಎಂದು ನಾವೂ ಲೆಕ್ಕ ಹಾಕಬಾರದು, ಅದು ಇನ್ನೊಂದು ಬಗೆಯ ಅನ್ಯಾಯ.

ಆದ್ದರಿಂದ ಕ್ರಮ ಬದಲಿಸಿ. ಮೊದಲು ಮನೆಯ ಪರಿಸ್ಥಿತಿ ಕೇಳಿ, ಗಂಡನನ್ನು ಕರೆಯುವ ಮಾತು ಆಮೇಲೆ. "ಇದನ್ನು ಹೇಳಿದರೆ ಅವರು ಎಂತ ಮಾಡಬಹುದು ಅಂತ ನಿಮಗೆ ಅನಿಸುತ್ತದೆ? ಮೊದಲು ಯಾವಾಗಲಾದರೂ ಸಿಟ್ಟಿನಲ್ಲಿ ಕೈ ಮಾಡಿದ್ದಾರಾ? ಮನೆಯಿಂದ ಹೊರಹಾಕಿದರೆ ಹೋಗುವ ಜಾಗ ಉಂಟಾ?" ಉತ್ತರ ಕೇಳಿದ ಮೇಲೆ ಅವಳ ಜೊತೆಯೇ ದಾರಿ ಆರಿಸಿ. ಅವಳೇ ಹೇಳಬಹುದು, ಅವಳಿಗೆ ಒಪ್ಪಿಗೆಯಾದ ಹೊತ್ತಿಗೆ. ಆಪ್ತ ಸಮಾಲೋಚಕರ ಎದುರು ಹೇಳಬಹುದು. ಗಂಡನೂ ಬೇರೆ ನೆಪದಲ್ಲಿ ಪರೀಕ್ಷೆಗೆ ಬರಬಹುದು. ಗರ್ಭಿಣಿಯರ ಗಂಡಂದಿರಿಗೆಲ್ಲ ರಕ್ತಪರೀಕ್ಷೆ ಮಾಡಿಸಿ ಎಂದು ಎಲ್ಲರಿಗೂ ಹೇಳುವ ಪದ್ಧತಿ ಇದ್ದರೆ ಆ ನೆಪ ಹುಡುಕುವುದೇ ಬೇಡ. ಅಥವಾ ಸದ್ಯಕ್ಕೆ ಹೇಳದೆಯೂ ಇರಬಹುದು. ಅಷ್ಟರಲ್ಲಿ ಮಾತ್ರೆ ಶುರುವಾಗಲಿ. ಮಗುವಿಗೆ ಸೋಂಕು ದಾಟದಂತೆ ತಡೆಯುವ ಚಿಕಿತ್ಸೆಗೆ ಗಂಡನ ಸಹಿ ಬೇಕಾಗಿಲ್ಲ.

ಸಂಗಾತಿಗಳ ಪರೀಕ್ಷೆಗೆ ಗುರಿ ಕೊಟ್ಟಿರುತ್ತಾರೆ, ಗೊತ್ತು. ತಿಂಗಳ ಮೀಟಿಂಗಿನಲ್ಲಿ ಆ ಕಾಲಂ ಖಾಲಿ ಇದ್ದರೆ ಬೈಗುಳ ಬರುತ್ತದೆ. "ಸುರಕ್ಷತೆಯ ಕಾರಣಕ್ಕೆ ಮುಂದೂಡಿದೆ" ಎಂದು ಬರೆಯಿರಿ.

ಆದರೆ ಗಂಡನಿಗೆ ಹೇಳುವುದು ಕಾನೂನಿನ ಪ್ರಕಾರ ನಮ್ಮ ಕರ್ತವ್ಯ ಅಲ್ವಾ?

ಅಲ್ಲ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಅದರ 9ನೇ ಸೆಕ್ಷನ್ ಇದನ್ನೇ ಹೇಳುತ್ತದೆ. ಸಂಗಾತಿಗೆ ತಿಳಿಸಲು ಅವಕಾಶ ಇರುವುದು ಡಾಕ್ಟರು ಮತ್ತು ಆಪ್ತ ಸಮಾಲೋಚಕರಿಗೆ ಮಾತ್ರ, ಅದೂ ಷರತ್ತಿನ ಮೇಲೆ. ಸಂಗಾತಿಗೆ ನಿಜವಾದ ಅಪಾಯ ಇರಬೇಕು. ನೀವೇ ಹೇಳಿ ಎಂದು ಸೋಂಕಿತರಿಗೆ ಸಮಾಲೋಚನೆ ಆಗಿರಬೇಕು. ಅವರು ಹೇಳುವುದಿಲ್ಲ ಎಂದು ಖಚಿತವಾಗಿರಬೇಕು. ನಾವು ತಿಳಿಸುತ್ತೇವೆ ಎಂದು ಮೊದಲೇ ಅವರಿಗೆ ಹೇಳಿರಬೇಕು. ತಿಳಿಸುವುದು ಮುಖತಃ, ಸಮಾಲೋಚನೆಯ ಜೊತೆ.

ಇದೆಲ್ಲದರ ಮೇಲೆ ಇನ್ನೊಂದು ಮಾತಿದೆ. ಹೇಳಿದರೆ ಮಹಿಳೆಗೆ ಹೊಡೆತ ಬೀಳಬಹುದು, ಅವಳನ್ನು ಬಿಟ್ಟುಬಿಡಬಹುದು, ಅವಳ ಅಥವಾ ಮಕ್ಕಳ ಜೀವಕ್ಕೆ, ಮನಸ್ಸಿಗೆ ದೊಡ್ಡ ಪೆಟ್ಟಾಗಬಹುದು ಎಂಬ ಅಂಜಿಕೆಗೆ ಕಾರಣ ಇದ್ದರೆ, ಅವಳ ಸಂಗಾತಿಗೆ ತಿಳಿಸಲೇಬಾರದು. ನೀವು ಅವಳನ್ನು ಹಿಂಸೆಯ ಬಗ್ಗೆ ಕೇಳದೇ ಇದ್ದರೆ ಈ ಅಂಜಿಕೆ ಇದೆಯೋ ಇಲ್ಲವೋ ನಿಮಗೆ ಗೊತ್ತಾಗುವುದಾದರೂ ಹೇಗೆ?

ಲ್ಯಾಬ್‌ನವರು, ಆಶಾ, ವಾರ್ಡಿನ ಆಯಾ, ಫೈಲು ಕೊಂಡೊಯ್ಯುವವರು, ಯಾರಿಗೂ ಹೇಳುವ ಹಕ್ಕಿಲ್ಲ. ಚೀಟಿಯ ಮೇಲೆ ಕೆಂಪು ಶಾಯಿಯಲ್ಲಿ ಗುರುತು ಹಾಕುವುದೂ ಹೇಳಿದಂತೆಯೇ.

ಉಲ್ಟಾ ಇದ್ದರೆ? ಗಂಡ ಪಾಸಿಟಿವ್, ಹೆಂಡತಿಗೆ ಗೊತ್ತಿಲ್ಲ.

ಆಗ ಅದೇ ಸೆಕ್ಷನ್ ಅವಳ ಪರವಾಗಿ ಕೆಲಸ ಮಾಡುತ್ತದೆ. ಷರತ್ತುಗಳನ್ನು ಪೂರೈಸಿ ಅವಳಿಗೆ ತಿಳಿಸಬಹುದು. ಅವನು ಮನೆಗೆ ಹೋಗಿ ಸಿಟ್ಟು ಅವಳ ಮೇಲೆ ತೀರಿಸಿಕೊಳ್ಳುವವನೇ ಎಂಬುದನ್ನು ಇಲ್ಲೂ ಯೋಚಿಸಿ. ಅವನು ಮಾತ್ರೆ ತಪ್ಪದೆ ತಿಂದು, ರಕ್ತದಲ್ಲಿ ವೈರಸ್ ಪತ್ತೆಯಾಗದ ಮಟ್ಟಕ್ಕೆ ಇಳಿದು, ಹಾಗೇ ಉಳಿದರೆ ಲೈಂಗಿಕ ಸಂಪರ್ಕದಿಂದ ಸೋಂಕು ದಾಟುವುದಿಲ್ಲ. ಇಬ್ಬರಿಗೂ ಹೇಳಬೇಕಾದ ಒಳ್ಳೆಯ ಸುದ್ದಿ ಇದು.

ಮಾತ್ರೆ ಮನೆಯಲ್ಲಿ ಇಡಲು ಆಗುವುದಿಲ್ಲ ಅನ್ನುತ್ತಾಳೆ.

ಇದನ್ನು ನೆಪ ಎಂದುಕೊಳ್ಳಬೇಡಿ. ಎಆರ್‌ಟಿ ಮಾತ್ರೆಯ ಡಬ್ಬಿ ಕೈಯಲ್ಲಿ ಹಿಡಿದು ಅಲ್ಲಾಡಿಸಿ ನೋಡಿ. ಮೂವತ್ತು ಮಾತ್ರೆ ಗಲಗಲ ಅನ್ನುತ್ತವೆ. ಚೀಲದೊಳಗೆ ಇಟ್ಟು ಬಸ್ಸಿನಿಂದ ಇಳಿದು ಅಂಗಳ ದಾಟುವಾಗಲೂ ಆ ಸದ್ದು ಇರುತ್ತದೆ. ಡಬ್ಬಿಯೊಳಗೆ ಸ್ವಲ್ಪ ಹತ್ತಿ ತುರುಕಿದರೆ ಸದ್ದು ಇಲ್ಲ. ಮೇಲಿನ ಲೇಬಲ್ ಕಿತ್ತುಬಿಡಬಹುದು. ಮಾತ್ರೆಯನ್ನು ಬೇರೆ ಡಬ್ಬಿಗೆ ಹಾಕುವುದಾದರೆ ತೇವ ತಾಗದಂತೆ ಮುಚ್ಚುವಂಥದ್ದು ಬೇಕು, ನಮ್ಮ ಮಳೆಗಾಲ ಗೊತ್ತಲ್ಲ. ಸಾಮಾನ್ಯವಾಗಿ ಈಗ ದಿನಕ್ಕೆ ಒಂದೇ ಮಾತ್ರೆ. ಹಾಗಾಗಿ ಹೊತ್ತನ್ನು ಅವಳ ದಿನಚರಿಗೆ ಹೊಂದಿಸಬಹುದು: ಅವನು ಮನೆಯಲ್ಲಿಲ್ಲದ ಹೊತ್ತು, ಕೆಲಸದ ಜಾಗ, ಅಮ್ಮನ ಮನೆ.

ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟಿಗೆ ಹೋಗುವವನ ಹೆಂಡತಿಗೆ ಆ ಎರಡು ತಿಂಗಳು ಗಂಡ ಮನೆಯಲ್ಲೇ. ಮಾತ್ರೆಯ ಹೊತ್ತು, ಮುಂದಿನ ಭೇಟಿ, ಫೋನ್ ಮಾಡುವ ಗಂಟೆ ಎಲ್ಲವನ್ನೂ ಮೇ ತಿಂಗಳಲ್ಲೇ ಮಾತಾಡಿ ಇಟ್ಟುಕೊಳ್ಳಿ. ಬೀಡಿ ಕಟ್ಟುವವಳಾದರೆ ಬ್ರಾಂಚಿಗೆ ಬೀಡಿ ಕೊಡಲು ಹೋಗುವ ದಿನ ಹೊರಗೆ ಬರಲು ಕಾರಣ ಇರುತ್ತದೆ. ಆ ದಿನಕ್ಕೇ ಭೇಟಿ ಇಡಿ. ಪರಿಚಯದವರು ಕಂಡಾರು ಎಂದು ಉಡುಪಿಯವಳು ಮಂಗಳೂರಿನ ಕೇಂದ್ರ ಕೇಳಿದರೆ ವರ್ಗ ಮಾಡಿಕೊಡಿ.

ಫೋನ್ ಮಾಡುವ ಮೊದಲು ಒಂದು ಮಾತು ಗೊತ್ತು ಮಾಡಿಕೊಳ್ಳಿ. ಗಂಡ ಎತ್ತಿದರೆ ಯಾರು ಅನ್ನಬೇಕು? ವಾಟ್ಸಾಪಿನಲ್ಲಿ ರಿಪೋರ್ಟಿನ ಫೋಟೋ ಬೇಡವೇ ಬೇಡ.

"ನಿನ್ನೆ ರಾತ್ರಿ ಒತ್ತಾಯ ಮಾಡಿದ" ಎಂದು ಬಂದಿದ್ದಾಳೆ. ಈಗ?

ಗಡಿಯಾರ ನೋಡಿ. ಸೋಂಕು ತಡೆಯುವ ಮಾತ್ರೆ, ನಾವು ಪಿಇಪಿ ಅನ್ನುವುದು, 72 ಗಂಟೆಯೊಳಗೆ ಶುರುವಾಗಬೇಕು. ಎಷ್ಟು ಬೇಗವೋ ಅಷ್ಟು ಒಳ್ಳೆಯದು. ಒಟ್ಟು 28 ದಿನ. ಗಂಡನ ಸ್ಥಿತಿ ಗೊತ್ತಿಲ್ಲ, ಲ್ಯಾಬ್ ಮುಚ್ಚಿದೆ ಎಂದು ಮೊದಲ ಡೋಸ್ ತಡ ಮಾಡಬೇಡಿ. 28 ದಿನದ ಮಾತ್ರೆಯನ್ನು ಅವಳು ಎಲ್ಲಿಡುತ್ತಾಳೆ ಎಂಬ ಪ್ರಶ್ನೆ ಇಲ್ಲೂ ಇದೆ. ಗರ್ಭ ತಡೆಯುವ ತುರ್ತು ಮಾತ್ರೆ 120 ಗಂಟೆಯೊಳಗೆ. ಲೈಂಗಿಕ ಸೋಂಕುಗಳ ಚಿಕಿತ್ಸೆ, ಹೆಪಟೈಟಿಸ್ ಬಿ ಲಸಿಕೆ ನೋಡಿ. ಎಚ್‌ಐವಿ ಪರೀಕ್ಷೆ ಈಗ ಒಮ್ಮೆ, ಆರು ವಾರಕ್ಕೆ, ಮೂರು ತಿಂಗಳಿಗೆ ಮತ್ತೆ.

ಕಾನೂನು ಇಲ್ಲಿ ತೊಡಕಿನದು. 18 ದಾಟಿದ ಹೆಂಡತಿಯ ಮೇಲೆ ಗಂಡ ಮಾಡಿದ ಬಲವಂತವನ್ನು ಭಾರತೀಯ ನ್ಯಾಯ ಸಂಹಿತೆಯ 63ನೇ ಸೆಕ್ಷನ್ನಿನ ವಿನಾಯಿತಿ ಅತ್ಯಾಚಾರ ಎಂದು ಕರೆಯುವುದಿಲ್ಲ. ಬೇರೆಯಾಗಿ ವಾಸಿಸುತ್ತಿದ್ದರೆ 67ನೇ ಸೆಕ್ಷನ್ ಅಡಿ ಅಪರಾಧ. ಜೊತೆಯಲ್ಲಿದ್ದರೂ 2005ರ ಕೌಟುಂಬಿಕ ಹಿಂಸೆ ಕಾಯ್ದೆ ಲೈಂಗಿಕ ಹಿಂಸೆಯನ್ನು ಹಿಂಸೆ ಎಂದೇ ಒಪ್ಪುತ್ತದೆ. 18ರ ಕೆಳಗಿನವಳಾದರೆ ಪೋಕ್ಸೊ, ಪೊಲೀಸರಿಗೆ ತಿಳಿಸಲೇಬೇಕು. ಚಿಕಿತ್ಸೆಗೆ ಮಾತ್ರ ಈ ಯಾವ ಸೆಕ್ಷನ್ನೂ ಅಡ್ಡ ಬರುವುದಿಲ್ಲ. ಗಂಡ ಎಂಬ ಕಾರಣಕ್ಕೆ ಪಿಇಪಿ ಕೊಡದೆ ಕಳುಹಿಸುವುದು ತಪ್ಪು.

ಕಾಂಡೋಮ್ ಕೊಟ್ಟು ಕಳುಹಿಸಿದರೆ ಸಾಕಾ?

ಕೊಡಿ. ಆದರೆ ಅದನ್ನು ಹಾಕಿಕೊಳ್ಳಬೇಕಾದವನು ಅವನು. ಅವಳ ಕೈಯಲ್ಲೇ ಇರುವ ಉಪಾಯವೆಂದರೆ ಪ್ರೆಪ್, ಅಂದರೆ ಸೋಂಕು ಇಲ್ಲದವರು ಮುಂಚಿತವಾಗಿ ದಿನವೂ ತೆಗೆದುಕೊಳ್ಳುವ ಮಾತ್ರೆ. ದೇಶದಲ್ಲಿ ಇದಕ್ಕೆ ಮಾರ್ಗಸೂಚಿ 2022ರಲ್ಲಿ ಬಂದಿದೆ. ಎಆರ್‌ಟಿ ಕೇಂದ್ರದ ಡಾಕ್ಟರ ಹತ್ತಿರ ವಿಚಾರಿಸಿ.

ಎಂಎಲ್‌ಸಿ (ಪೊಲೀಸರಿಗೆ ತಿಳಿಸುವ ಗಾಯದ ದಾಖಲೆ) ಮಾಡಿದರೆ ಕೋರ್ಟಿಗೆ ಅಲೆಯಬೇಕು ಎಂದು ನಮ್ಮ ಡಾಕ್ಟರೇ ಹೆದರುತ್ತಾರೆ.

ಹೆದರಿಕೆ ಸಹಜ. ಆದರೆ ಸರಿಯಾಗಿ ಬರೆದ ಒಂದು ಪುಟ ಮುಂದೆ ಅವಳಿಗೆ ಸಿಗುವ ಒಂದೇ ಸಾಕ್ಷಿ ಆಗಿರಬಹುದು. ಗಾಯದ ಜಾಗ, ಅಳತೆ, ಬಣ್ಣ ಬರೆಯಿರಿ. ಅವಳು ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆಯಿರಿ: "ಗಂಡ ಕಟ್ಟಿಗೆಯಿಂದ ಹೊಡೆದ ಎಂದು ಹೇಳುತ್ತಾರೆ." "ಆರೋಪಿಸುತ್ತಾರೆ" ಎಂಬ ಪದ ಬೇಡ, ಅದರಲ್ಲೇ ಸಂಶಯದ ವಾಸನೆ ಇದೆ. ಎಂಎಲ್‌ಸಿ ದಾಖಲಾಗುವುದಾದರೆ ಮೊದಲೇ ಅವಳಿಗೆ ತಿಳಿಸಿ. ಎಚ್‌ಐವಿ ವಿಷಯ ಗಾಯದ ಕಾಗದದಲ್ಲಿ ಬೇಡ.

2005ರ ಕಾಯ್ದೆಯ 7ನೇ ಸೆಕ್ಷನ್ ಪ್ರಕಾರ ಕೇಳಿಕೊಂಡು ಬಂದವಳಿಗೆ ಆಸ್ಪತ್ರೆ ಚಿಕಿತ್ಸೆ ಕೊಡಲೇಬೇಕು. ಹಿಂಸೆಯನ್ನು ದಾಖಲಿಸುವ ಕೌಟುಂಬಿಕ ಘಟನಾ ವರದಿ ಇಲ್ಲ ಎಂದು ವಾಪಸ್ ಕಳುಹಿಸುವಂತಿಲ್ಲ. ವರದಿ ಆಗಿಲ್ಲದಿದ್ದರೆ ಆಸ್ಪತ್ರೆಯ ಮುಖ್ಯಸ್ಥರೇ ಅದರ ಫಾರ್ಮ್ ಆದ ನಮೂನೆ 1 ತುಂಬಿ, ಈ ಕಾಯ್ದೆಯಡಿ ನೇಮಕವಾದ ಸಂರಕ್ಷಣಾಧಿಕಾರಿಗೆ ಕಳುಹಿಸಬೇಕು. ವೈದ್ಯಕೀಯ ವರದಿಯ ಪ್ರತಿ ಅವಳಿಗೆ ಉಚಿತ. ಅದನ್ನು ಮನೆಗೆ ಒಯ್ಯುವುದು ಕ್ಷೇಮವಾ ಎಂದು ಕೇಳಿ. ಇಲ್ಲದಿದ್ದರೆ ನಿಮ್ಮಲ್ಲೇ ಇರಲಿ.

ಗಂಡ ಹೆಂಡತಿಯನ್ನು ಒಟ್ಟಿಗೆ ಕೂರಿಸಿ ನಾಲ್ಕು ಬುದ್ಧಿಮಾತು ಹೇಳಲಾ?

ಬೇಡ ಮಾರಾಯ್ರೆ. ಅವಳು ನಿಮ್ಮೆದುರು ಬಾಯಿಬಿಟ್ಟ ಪ್ರತಿ ಮಾತಿಗೂ ಮನೆಯಲ್ಲಿ ಲೆಕ್ಕ ಕೊಡಬೇಕಾಗುತ್ತದೆ. ಊರಿನ ಹಿರಿಯರ ಪಂಚಾಯಿತಿಕೆ, ದೈವದ ಎದುರು ಮಾತು ಕೊಡಿಸುವುದು ಎಲ್ಲ ಅವರವರ ನಂಬಿಕೆ. ಆಸ್ಪತ್ರೆ ಆ ಕೆಲಸಕ್ಕೆ ಇಳಿಯಬಾರದು.

ಎಲ್ಲಿಗೆ ಕಳುಹಿಸುವುದು?

ತುರ್ತು ಇದ್ದರೆ 112. ಮಹಿಳಾ ಸಹಾಯವಾಣಿ 181. ಎಚ್‌ಐವಿ ಬಗ್ಗೆ ಉಚಿತ ಕರೆ 1097. ಕಾನೂನು ನೆರವಿಗೆ 15100, ಹೆಂಗಸರಿಗೆ ಆದಾಯ ಎಷ್ಟಿದ್ದರೂ ಉಚಿತ ವಕೀಲರು ಸಿಗುತ್ತಾರೆ. ಎರಡೂ ಜಿಲ್ಲೆಗಳಲ್ಲಿ ಹಿಂಸೆಗೆ ಒಳಗಾದ ಹೆಂಗಸರಿಗೆ ನೆರವಾಗುವ ಸರಕಾರಿ ಸಖಿ ಕೇಂದ್ರ ಇದೆ, ತಾತ್ಕಾಲಿಕವಾಗಿ ಉಳಿಯಲೂ ಅವಕಾಶ. ಮನೆಯಿಂದ ಹೊರಹಾಕುತ್ತಾರೆ ಎಂಬ ಭಯ ಇರುವ ಸೋಂಕಿತೆಗೆ ಒಂದು ಮಾತು ಹೇಳಿ: ಮನೆಯಲ್ಲಿ ಇರುವ ಹಕ್ಕನ್ನು 2017ರ ಕಾಯ್ದೆಯೂ ಕೊಟ್ಟಿದೆ, 2005ರದ್ದೂ ಕೊಟ್ಟಿದೆ.

ನಂಬರ್ ಬರೆದ ಚೀಟಿ ಕೊಡುವ ಮೊದಲು ಯೋಚಿಸಿ, ಬ್ಲೌಸಿನೊಳಗಿನ ಪರ್ಸೂ ತಪಾಸಣೆ ಆಗುವ ಮನೆಗಳಿವೆ. ಮೂರಂಕಿಯ ನಂಬರ್ ಬಾಯಿಪಾಠ ಮಾಡಿಸುವುದು ಲೇಸು. ನೀವೂ ಒಮ್ಮೆ ಹೋಗಿ ಸಖಿ ಕೇಂದ್ರದವರ ಮುಖ ಪರಿಚಯ ಮಾಡಿಕೊಳ್ಳಿ. "ಅಲ್ಲಿ ಇಂಥವರಿದ್ದಾರೆ, ನಾನು ಫೋನ್ ಮಾಡಿ ಹೇಳುತ್ತೇನೆ" ಅಂದರೆ ಅವಳು ಹೋಗುವ ಸಾಧ್ಯತೆಯೇ ಬೇರೆ. ಮುಂಬೈಯ ಬಾಂದ್ರಾದ ಭಾಭಾ ಆಸ್ಪತ್ರೆಯಲ್ಲಿ ಇಪ್ಪತ್ತು ವರ್ಷಕ್ಕೂ ಹಿಂದೆ ಶುರುವಾದ ದಿಲಾಸಾ ಕೇಂದ್ರ ಆಸ್ಪತ್ರೆಯ ಒಳಗೇ ಈ ಕೆಲಸ ಮಾಡುತ್ತಿದೆ. ನಮ್ಮ ದೊಡ್ಡ ಆಸ್ಪತ್ರೆಗಳಿಗೂ ಅದು ಆಗದ ಕೆಲಸವೇನಲ್ಲ.

ಹೊಡೆಯುವವನೇ ನಮ್ಮ ಪೇಷಂಟ್ ಆದರೆ?

ಚಿಕಿತ್ಸೆ ಕೊಡಿ, ಕುಡಿತಕ್ಕೂ ಚಿಕಿತ್ಸೆ ಹೇಳಿ. ಹೆಂಡತಿ ಹೇಳಿದ್ದನ್ನು ಅವನೆದುರು ಎತ್ತಬೇಡಿ. ಕುಡಿತ ಬಿಟ್ಟರೆ ಹೊಡೆತವೂ ನಿಲ್ಲುತ್ತದೆ ಎಂದು ಅವಳಿಗೆ ಭರವಸೆ ಕೊಡಬೇಡಿ.

ಗಂಡಸು ಸಂಗಾತಿಯಿಂದ ಗಂಡಸಿಗೆ, ಟ್ರಾನ್ಸ್ ಮಹಿಳೆಗೆ ಹೊಡೆತ ಬಿದ್ದರೆ?

ಕೇಳುವ ಕ್ರಮ, ಗುಟ್ಟು, ಪಿಇಪಿ ಎಲ್ಲ ಅದೇ. 2005ರ ಕಾಯ್ದೆ ಗಂಡಸರಿಗೆ ಅನ್ವಯಿಸುವುದಿಲ್ಲ. ಹೊಡೆತ, ಬೆದರಿಕೆಗೆ ಸಾಮಾನ್ಯ ಕಾನೂನು ಇದೆ. ಟ್ರಾನ್ಸ್ ವ್ಯಕ್ತಿಗಳಿಗೆ 2019ರ ಕಾಯ್ದೆಯ ರಕ್ಷಣೆ ಇದೆ. ಪೊಲೀಸರಿಗಿಂತ ಮೊದಲು ಸಮುದಾಯದ ಸಂಘಟನೆಯವರನ್ನು ಕರೆಯಿರಿ ಎಂದು ಅವರೇ ಹೇಳುವುದುಂಟು, ಅದನ್ನು ಕೇಳಿ.

ನಾನು ಆಶಾ, ಅದೇ ಊರಿನವಳು. ನಾಳೆ ಅವಳ ಗಂಡ ನನ್ನನ್ನೇ ಹಿಡಿದು ಕೇಳಿದರೆ?

ಇದು ಎಲ್ಲಕ್ಕಿಂತ ಕಷ್ಟದ ಪ್ರಶ್ನೆ, ಯಾಕೆಂದರೆ ಡಾಕ್ಟರು ಸಂಜೆ ಊರು ಬಿಟ್ಟು ಹೋಗುತ್ತಾರೆ, ನೀವು ಅಲ್ಲೇ ಇರುತ್ತೀರಿ. ಅವಳೊಬ್ಬಳ ಮನೆಗೆ ಬೇರೆಯಾಗಿ ಹೋಗಬೇಡಿ. ಸೊಳ್ಳೆ ಲಾರ್ವಾ ಸರ್ವೆಗೆ ಎಲ್ಲ ಮನೆ ಹತ್ತುವ ದಿನ ಅಲ್ಲಿಗೂ ಹೋಗಿ, ಉಳಿದವರ ಹತ್ತಿರ ಮಾತಾಡುವಷ್ಟೇ ಹೊತ್ತು ಮಾತಾಡಿ. ಡೈರಿಯಲ್ಲಿ ಹೊಡೆತ, ಎಚ್‌ಐವಿ ಎಂದು ಬರೆಯಬೇಡಿ, ನಿಮ್ಮ ಮನೆಯವರೂ ಅದನ್ನು ಓದುತ್ತಾರೆ. ಗಂಡ ಕೇಳಿದರೆ "ಎಲ್ಲರ ಮನೆಗೂ ಹೋಗುವುದು, ಲಿಸ್ಟಿನಲ್ಲಿ ಹೆಸರಿದೆ" ಅನ್ನಿ. ಜೋರು ಮಾಡಿದರೆ ವಾದಕ್ಕೆ ನಿಲ್ಲದೆ ಹೊರಟುಬಿಡಿ, ಅದೇ ದಿನ ಮೆಡಿಕಲ್ ಆಫೀಸರಿಗೆ ಹೇಳಿ. ಮುಂದಿನ ಭೇಟಿಗೆ ನಿಮ್ಮ ಬದಲು ಬೇರೆ ಯಾರಾದರೂ ಹೋಗುವಂತೆ ಅವರು ವ್ಯವಸ್ಥೆ ಮಾಡಬೇಕು.